ಮೋಡ ಕಟ್ತಾ ಇದೆ ಅಲ್ವಾ: ಮನೆಯಲ್ಲೂ ತೋಟದಲ್ಲೂ ಮಾತಿನ ಧಾಟಿ ಮಾಡುವ ಕೆಲಸ

ಡಿಸೆಂಬರ್ ಬಂತೆಂದರೆ ಕೊಡಗಿನ ತೋಟದ ಮನೆಗಳಲ್ಲಿ ಜನ ಜಾಸ್ತಿ, ಮಾತೂ ಜಾಸ್ತಿ. ಕಾಫಿ ಕುಯ್ಲು ಶುರುವಾಗಿರುತ್ತದೆ. ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯ ಕೆಲಸಗಾರರು ಲೈನ್ ಮನೆಗಳಿಗೆ ಬಂದಿರುತ್ತಾರೆ. ಬೆಂಗಳೂರಲ್ಲಿ ಕೆಲಸ ಮಾಡುವ ಮಗನೋ ಮಗಳೋ ಲ್ಯಾಪ್‌ಟಾಪ್ ಹೊತ್ತು ಬಂದು ಒಳಕೋಣೆಯಲ್ಲಿ ಮೀಟಿಂಗಿಗೆ ಕೂತಿರುತ್ತಾರೆ. ತಿಂಡಿ ತಿನ್ನುವ ಮೇಜಿನ ಮೇಲೆಯೇ ಕೂಲಿ ಲೆಕ್ಕದ ಪುಸ್ತಕವೂ ಇರುತ್ತದೆ.

ಬೇರೆ ಕಡೆ ಆಫೀಸಿನ ಮುನಿಸನ್ನು ಆಫೀಸಿನಲ್ಲೇ ಬಿಟ್ಟು ಬರಬಹುದು. ನಮ್ಮಲ್ಲಿ ಅದು ಕಷ್ಟ. ತೋಟವೇ ಕಸುಬು, ತೋಟದ ನಡುವೆಯೇ ಮನೆ. ಬೆಳಿಗ್ಗೆ ಅಕ್ಕಿ ರೊಟ್ಟಿ ತಿನ್ನುವಾಗ ಅಪ್ಪ, ಮಗ ಆಗಿದ್ದವರು ಎಂಟು ಗಂಟೆಗೆ ಯಜಮಾನ, ಮ್ಯಾನೇಜರ್ ಆಗಿಬಿಡುತ್ತಾರೆ. ಕಣದಲ್ಲಿ ಆದ ಬೇಸರ ರಾತ್ರಿ ಊಟದ ಹೊತ್ತಿಗೂ ಹೋಗಿರುವುದಿಲ್ಲ.

ಇಂಥ ಬೇಸರಗಳ ಹಿಂದೆ ದುಡ್ಡು, ಆಸ್ತಿ ಇರುವುದುಂಟು. ಆದರೆ ಎಷ್ಟೋ ಸಲ ಒಬ್ಬರು ಮಾತಾಡುವ ರೀತಿಯನ್ನು ಇನ್ನೊಬ್ಬರು ಅವರ ಗುಣ ಅಂದುಕೊಂಡಿರುತ್ತಾರೆ, ಅಷ್ಟೇ. ಭಾಷೆಯನ್ನು ಅಧ್ಯಯನ ಮಾಡುವವರು ಐವತ್ತು ವರ್ಷಗಳಿಂದ ಇದನ್ನು ನೋಡುತ್ತಾ ಬಂದಿದ್ದಾರೆ. ಅವರಿಗೆ ಕಂಡದ್ದನ್ನು ನಮ್ಮ ಮನೆ, ತೋಟಗಳಿಗೆ ಹೊಂದಿಸಿ ನೋಡುವುದು ಈ ಲೇಖನದ ಉದ್ದೇಶ.

## ಧಾಟಿ ಅಂದರೆ ಏನು?

ನಾವು ಏನು ಹೇಳುತ್ತೇವೆ ಎನ್ನುವುದು ಒಂದು, ಹೇಗೆ ಹೇಳುತ್ತೇವೆ ಎನ್ನುವುದು ಇನ್ನೊಂದು. ಎಷ್ಟು ಬೇಗ ಮಾತಾಡುತ್ತೇವೆ, ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಇನ್ನೊಬ್ಬರ ಮಾತು ಮುಗಿದ ಮೇಲೆ ಎಷ್ಟು ಹೊತ್ತು ಕಾಯುತ್ತೇವೆ, ಬೇಕಾದ್ದನ್ನು ನೇರ ಕೇಳುತ್ತೇವೋ ಸುತ್ತಿ ಬಳಸಿ ಕೇಳುತ್ತೇವೋ, ಇದೆಲ್ಲ ಸೇರಿದ್ದೇ ಮಾತಿನ ಧಾಟಿ. ಇದನ್ನು ಯಾರೂ ನಮಗೆ ಕೂರಿಸಿ ಕಲಿಸಿಲ್ಲ. ಬೆಳೆದ ಮನೆಯಲ್ಲಿ ಕೇಳಿ ಕೇಳಿ ಬಂದದ್ದು. ಹಾಗಾಗಿ ನಮ್ಮ ಧಾಟಿ ನಮಗೆ ಕೇಳಿಸುವುದೇ ಇಲ್ಲ. ಬೇರೆಯವರದ್ದು ಮಾತ್ರ ವಿಚಿತ್ರ ಅನಿಸುತ್ತದೆ.

ಗ್ರೆಗರಿ ಬೇಟ್ಸನ್ ಎಂಬ ಮಾನವಶಾಸ್ತ್ರಜ್ಞ ಇದನ್ನು ಎರಡು ಪದರಗಳಾಗಿ ನೋಡಿದರು. ಮೇಲಿನ ಪದರದಲ್ಲಿ ಮಾತಿನ ವಿಷಯ ಇರುತ್ತದೆ. ಆ ಮಾತನ್ನು ಹೇಗೆ ತೆಗೆದುಕೊಳ್ಳಬೇಕು ಎಂಬ ಸೂಚನೆ ಒಳಗಿನ ಪದರದಲ್ಲಿರುತ್ತದೆ. ತಮಾಷೆಯೋ ಬೈಗುಳವೋ, ಪ್ರಶ್ನೆಯೋ ಅಪ್ಪಣೆಯೋ ಗೊತ್ತಾಗುವುದು ಈ ಒಳಗಿನ ಪದರದಿಂದ.

ಒಂದು ಉದಾಹರಣೆ ನೋಡೋಣ. ಕಣದಲ್ಲಿ ಕಾಫಿ ಹಣ್ಣು ಹರಡಿದೆ. ಅಮ್ಮ ಜಗಲಿಯಲ್ಲಿ ನಿಂತು ಒಳಗೆ ನೋಡಿ, "ಮೋಡ ಕಟ್ತಾ ಇದೆ ಅಲ್ವಾ" ಅನ್ನುತ್ತಾರೆ. ಮಗ ಕಿಟಕಿಯಲ್ಲಿ ಇಣುಕಿ "ಹೌದಮ್ಮಾ" ಅಂದು ಮತ್ತೆ ಲ್ಯಾಪ್‌ಟಾಪಿಗೆ ತಿರುಗುತ್ತಾನೆ. ಸ್ವಲ್ಪ ಹೊತ್ತಿಗೆ ಹನಿ ಬೀಳುತ್ತದೆ. ಅಮ್ಮ ಒಬ್ಬರೇ ಟಾರ್ಪಾಲ್ ಎಳೆಯುತ್ತಿರುತ್ತಾರೆ. ಅರ್ಧ ಕಾಫಿ ನೆಂದಿರುತ್ತದೆ.

"ಹೇಳಿದ್ರೂ ಎದ್ದು ಬರಲಿಲ್ಲ" ಎಂದು ಅಮ್ಮನ ಕೋಪ. "ನೀವು ಹೇಳಲೇ ಇಲ್ವಲ್ಲ!" ಎಂದು ಮಗನ ಸಿಟ್ಟು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅಮ್ಮ ಬೆಳೆದ ಮನೆಯಲ್ಲಿ ಮೋಡದ ಸುದ್ದಿ ಎತ್ತಿದರೆ ಕಣಕ್ಕೆ ಓಡಿ ಎಂದೇ ಅರ್ಥ. ಬಾಯಿಬಿಟ್ಟು "ಬಾ" ಎಂದು ಕರೆಯುವುದು ಅವರಿಗೆ ಒರಟು ಅನಿಸುತ್ತದೆ. ಮಗ ಹತ್ತು ವರ್ಷ ಆಫೀಸಿನಲ್ಲಿ ಯಾರು, ಏನು, ಎಷ್ಟು ಹೊತ್ತಿಗೆ ಎಂದು ಬರೆದು ಕೊಡುವ ಜನರ ಜೊತೆ ಕೆಲಸ ಮಾಡಿದ್ದಾನೆ. ಅವನಿಗೆ ಕೇಳಿಸಿದ್ದು ಹವಾಮಾನದ ಸುದ್ದಿ. ನಷ್ಟ ಬರೀ ಕಾಫಿಯದ್ದಾಗಿದ್ದರೆ ಚಿಂತೆ ಇರಲಿಲ್ಲ. "ಇವನಿಗೆ ಮನೆ ಬಗ್ಗೆ ಕಾಳಜಿ ಇಲ್ಲ", "ಅಮ್ಮನಿಗೆ ಏನು ಮಾಡಿದರೂ ಸಾಲದು" ಎಂಬ ಎರಡು ತೀರ್ಪುಗಳು ಮನಸ್ಸಿನಲ್ಲಿ ಉಳಿದುಬಿಡುತ್ತವೆ.

## ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ

ಮಾತುಕತೆಯಲ್ಲಿ ಸರದಿ ಹೇಗೆ ಬದಲಾಗುತ್ತದೆ ಎಂಬುದನ್ನು 1974ರಲ್ಲಿ ಹಾರ್ವಿ ಸ್ಯಾಕ್ಸ್, ಇಮ್ಯಾನ್ಯುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಎಂಬ ಮೂವರು ಅಮೆರಿಕದ ಸಂಶೋಧಕರು ವಿವರಿಸಿದರು. ಯಾರೂ ಅಧ್ಯಕ್ಷರಾಗಿ ಕೂರದಿದ್ದರೂ ಜನ ಹೆಚ್ಚು ಕಡಿಮೆ ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ. ನಡುವೆ ಬಿಡುವ ಅಂತರ ಬಹಳ ಸಣ್ಣದು.

ಎಷ್ಟು ಸಣ್ಣದು? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಪಾನೀಸ್, ಡ್ಯಾನಿಶ್, ಇಟಾಲಿಯನ್, ಕೊರಿಯನ್ ಸೇರಿದಂತೆ 10 ಭಾಷೆಗಳ ದಿನನಿತ್ಯದ ಮಾತುಕತೆಯ ವಿಡಿಯೋಗಳನ್ನು ಅಳೆದು ನೋಡಿತು. ಹೌದು ಅಥವಾ ಇಲ್ಲ ಎನ್ನುವ ಪ್ರಶ್ನೆಗೆ ಉತ್ತರ ಶುರುವಾಗುವುದಕ್ಕೆ ಹಿಡಿದ ಸರಾಸರಿ ಸಮಯ ಸೆಕೆಂಡಿನ ಐದನೇ ಒಂದು ಭಾಗ. ಜಪಾನೀಸ್‌ನಲ್ಲಿ ಅಂತರವೇ ಇಲ್ಲ ಎನ್ನುವಷ್ಟು ಕಡಿಮೆ. ಡ್ಯಾನಿಶ್‌ನಲ್ಲಿ ಅರ್ಧ ಸೆಕೆಂಡಿನ ಹತ್ತಿರ. ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ ಬಾಯಿಗೆ ತರುವುದಕ್ಕೇ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಅಂದರೆ ಎದುರಿನವರ ಮಾತು ಮುಗಿಯುವ ಮೊದಲೇ ನಾವು ಉತ್ತರ ಸಿದ್ಧ ಮಾಡಿಕೊಂಡಿರುತ್ತೇವೆ. ಅವರು ಎಲ್ಲಿ ನಿಲ್ಲಿಸುತ್ತಾರೆ ಎಂದು ಊಹಿಸಿರುತ್ತೇವೆ.

ನಮ್ಮ ತೋಟದ ಕಿರುದಾರಿಯಲ್ಲಿ ಎದುರುಬದುರು ಬರುವ ಎರಡು ಜೀಪುಗಳನ್ನು ನೆನೆಯಿರಿ. ಒಬ್ಬ ಚಾಲಕ ಸಣ್ಣ ಜಾಗ ಕಂಡರೂ ಮುಂದೆ ನುಗ್ಗುತ್ತಾನೆ. ಇನ್ನೊಬ್ಬ ದಾರಿ ಪೂರ್ತಿ ಖಾಲಿಯಾಗುವ ತನಕ ಕಾಯುತ್ತಾನೆ. ಇಬ್ಬರೂ ಒಳ್ಳೆಯ ಚಾಲಕರೇ. ಆದರೆ ಇವರಿಬ್ಬರೇ ಎದುರಾದರೆ ದಾರಿ ಪ್ರತಿ ಸಲ ಮೊದಲನೆಯವನಿಗೇ ಸಿಗುತ್ತದೆ. ಮಾತಿನಲ್ಲೂ ಅಷ್ಟೇ. ಬೇಗ ಬಾಯಿ ತೆರೆಯುವ ಅಭ್ಯಾಸ ಇರುವವರು "ಇವರಿಗೆ ಹೇಳೋದೇನೂ ಇಲ್ಲ" ಎಂದುಕೊಂಡು ಮಾತು ಮುಂದುವರಿಸುತ್ತಾರೆ. ಕಾಯುವವರು "ಇವರು ನನಗೆ ಮಾತಾಡೋಕೇ ಬಿಡಲ್ಲ" ಎಂದುಕೊಳ್ಳುತ್ತಾರೆ.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಕಂಡಿತು. "ಹೌದು" ಬೇಗ ಬರುತ್ತದೆ, "ಇಲ್ಲ" ತಡವಾಗಿ ಬರುತ್ತದೆ. ಹಾಗಾಗಿ ತಡವಾದರೆ ಸಾಕು, ಕೇಳಿದವರ ಮನಸ್ಸು ಅದನ್ನು "ಇಲ್ಲ" ಎಂದೇ ಓದುತ್ತದೆ. "ಭಾನುವಾರ ಅತ್ತೆ ಮನೆಗೆ ಹೋಗಿ ಬರೋಣ್ವಾ?" ಎಂದು ಹೆಂಡತಿ ಕೇಳುತ್ತಾಳೆ. ನಿಧಾನವಾಗಿ ಯೋಚಿಸಿ ಮಾತಾಡುವ ಗಂಡ ಒಂದು ಕ್ಷಣ ಸುಮ್ಮನಿರುತ್ತಾನೆ. "ಇಷ್ಟ ಇಲ್ಲದಿದ್ರೆ ಬಿಡಿ" ಎಂಬ ಮಾತು ಅಷ್ಟರಲ್ಲೇ ಬಂದಾಗಿರುತ್ತದೆ. ಅವನು ಯೋಚಿಸುತ್ತಿದ್ದದ್ದು ಜೀಪಿನ ರಿಪೇರಿ ಅಷ್ಟು ಹೊತ್ತಿಗೆ ಮುಗಿಯುತ್ತದೋ ಇಲ್ಲವೋ ಎಂದು.

ವಿಡಿಯೋ ಕಾಲ್‌ನಲ್ಲಿ ಇದು ಇನ್ನೂ ಕೆಡುತ್ತದೆ. ಕರೆಂಟ್ ಹೋಗಿ ನೆಟ್‌ವರ್ಕ್ ಎಳೆಯುತ್ತಿರುವಾಗ ದನಿ ತಡವಾಗಿ ತಲುಪುತ್ತದೆ. ನಾವು ಸರಿಯಾದ ಸಮಯಕ್ಕೇ ಬಾಯಿ ತೆರೆದಿದ್ದರೂ ಬೆಂಗಳೂರಿನವರಿಗೆ ಅದು ಮಧ್ಯೆ ಬಾಯಿ ಹಾಕಿದಂತೆಯೋ ತಡವರಿಸಿದಂತೆಯೋ ಕೇಳುತ್ತದೆ. ಮನೆಯಿಂದ ಕೆಲಸ ಮಾಡುವ ಮಕ್ಕಳು "ಮೀಟಿಂಗ್‌ನಲ್ಲಿ ನನಗೆ ಚಾನ್ಸೇ ಸಿಗಲ್ಲ" ಎಂದು ಹೇಳಿದರೆ ನಂಬಿ.

## ಮಧ್ಯೆ ಬಾಯಿ ಹಾಕುವುದು ಯಾವಾಗಲೂ ತಪ್ಪೇ?

1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರು ಜನ ಹಬ್ಬದ ಊಟಕ್ಕೆ ಸೇರಿದ್ದರು. ಅವರಲ್ಲಿ ಒಬ್ಬರು ಡೆಬೊರಾ ಟ್ಯಾನನ್. ಮುಂದೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕಿ ಆದವರು. ಊಟದ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು, ಆಮೇಲೆ ಸಾಲು ಸಾಲಾಗಿ ಬರೆದು ನೋಡಿದರು. ನ್ಯೂಯಾರ್ಕ್‌ನಲ್ಲಿ ಬೆಳೆದ ಮೂವರು ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುತ್ತಿದ್ದರು. ಪಟಪಟನೆ ಪ್ರಶ್ನೆ ಹಾಕುತ್ತಿದ್ದರು. ಅವರ ಮಟ್ಟಿಗೆ ಅದು "ನಿನ್ನ ಮಾತಿನಲ್ಲಿ ನನಗೆ ಆಸಕ್ತಿ ಇದೆ" ಎಂದು ತೋರಿಸುವ ರೀತಿ. ಉಳಿದ ಮೂವರಲ್ಲಿ ಇಬ್ಬರು ಕ್ಯಾಲಿಫೋರ್ನಿಯಾದವರು, ಒಬ್ಬರು ಇಂಗ್ಲೆಂಡಿನವರು. ಅವರಿಗೆ ಉಸಿರಾಡುವುದಕ್ಕೂ ಬಿಡುವು ಸಿಗಲಿಲ್ಲ. ಎದುರಿನವರು ಮುಗಿಸುವ ತನಕ ಕಾಯುವುದು ಅವರ ಪ್ರಕಾರ ಮರ್ಯಾದೆ.

ಇದರಿಂದ ಟ್ಯಾನನ್ ಎರಡು ಧಾಟಿಗಳನ್ನು ಗುರುತಿಸಿದರು. ಒಂದು, ಒಳಗೆ ನುಗ್ಗಿ ಜೊತೆಯಾಗುವ ಧಾಟಿ. ಇನ್ನೊಂದು, ಜಾಗ ಬಿಟ್ಟು ಗೌರವಿಸುವ ಧಾಟಿ. ಎರಡರ ಉದ್ದೇಶವೂ ಒಳ್ಳೆಯದೇ.

ಸುಗ್ಗಿ ಹಬ್ಬ ಹುತ್ತರಿಗೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಸೇರುವ ದೊಡ್ಡ ಕುಟುಂಬದ ಗಲಾಟೆ ಗೊತ್ತಲ್ವಾ. ನಾಲ್ಕು ಕಡೆಯಿಂದ ಮಾತು, ಒಬ್ಬರ ಕಥೆಯ ತುದಿಯನ್ನು ಇನ್ನೊಬ್ಬರೇ ಹೇಳಿಬಿಡುವುದು, ಮೇಲೊಂದು ನಗು. ಹೊಸದಾಗಿ ಬಂದ ಸೊಸೆ ಸದ್ದಿಲ್ಲದ ಮನೆಯವಳು. ಎಲ್ಲರೂ ನಿಲ್ಲಿಸಿದ ಮೇಲೆ ಮಾತಾಡೋಣ ಎಂದು ಕಾಯುತ್ತಾಳೆ. ಯಾರೂ ನಿಲ್ಲಿಸುವುದೇ ಇಲ್ಲ. ಸಂಜೆಗೆ "ಅವಳಿಗೆ ಸ್ವಲ್ಪ ಜಂಬ" ಎಂಬ ಮಾತು ಅಡುಗೆಮನೆಯಲ್ಲಿ ಹುಟ್ಟುತ್ತದೆ. ಅವಳು ತನ್ನ ತಾಯಿಗೆ ಫೋನ್ ಮಾಡಿ "ಇಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೇ ಇಟ್ಕೊಳಲ್ಲ" ಎನ್ನುತ್ತಾಳೆ. ಆ ಮನೆಯ ಜನ ಅವಳನ್ನು ದೂರ ಇಟ್ಟಿಲ್ಲ. ಅವರಿಗೆ ಕಾಯುವ ಅಭ್ಯಾಸ ಇಲ್ಲ, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೊಡವರು ಹೀಗೆ, ಗೌಡರು ಹಾಗೆ, ಮಲಯಾಳಿಗಳು ಇನ್ನೊಂದು ಥರ ಎಂದು ಹಣೆಪಟ್ಟಿ ಅಂಟಿಸುವುದಕ್ಕೆ ಇದನ್ನು ಬಳಸಬೇಡಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಯರವ, ಕನ್ನಡ ಎಲ್ಲ ಒಂದೇ ಸಂತೆಯಲ್ಲಿ ಕೇಳುವ ಜಿಲ್ಲೆ ನಮ್ಮದು. ಪ್ರತಿ ಭಾಷೆಗೂ ಅದರದ್ದೇ ರಾಗ ಇದೆ, ನಿಜ. ಆದರೆ ಒಂದೇ ಮನೆಯ ಅಣ್ಣತಮ್ಮಂದಿರ ಧಾಟಿಯೂ ಬೇರೆ ಇರುತ್ತದೆ.

## ನೇರ ಹೇಳದೆ ಸುತ್ತಿ ಹೇಳುವುದು ಯಾಕೆ?

ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಇಬ್ಬರು 1978ರಲ್ಲಿ ಮರ್ಯಾದೆಯ ಮಾತಿನ ಬಗ್ಗೆ ಒಂದು ವಿವರಣೆ ಕೊಟ್ಟರು. ಅವರ ಆಧಾರಗಳಲ್ಲಿ ಒಂದು ನಮ್ಮ ಪಕ್ಕದ ತಮಿಳುನಾಡಿನ ಹಳ್ಳಿಯ ಮಾತುಕತೆ. ಮನುಷ್ಯನಿಗೆ ಎರಡು ಆಸೆಗಳಿವೆ ಎಂದರು ಅವರು. ಜನ ನನ್ನನ್ನು ತಮ್ಮವನೆಂದು ಹತ್ತಿರ ಇಟ್ಟುಕೊಳ್ಳಬೇಕು. ಹಾಗೆಯೇ ನನ್ನನ್ನು ನನ್ನ ಪಾಡಿಗೆ ಬಿಡಬೇಕು. ಯಾರಿಗಾದರೂ ಕೆಲಸ ಹೇಳಿದರೆ ಎರಡನೆಯ ಆಸೆಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಪೆಟ್ಟಿನ ನೋವು ಕಡಿಮೆ ಮಾಡಲು ಸುತ್ತಿ ಹೇಳುತ್ತೇವೆ. ಎದುರಿನವರು ನಮಗಿಂತ ದೊಡ್ಡವರಾದಷ್ಟೂ ಸುತ್ತು ಜಾಸ್ತಿ.

ತೋಟದಲ್ಲಿ ಇದನ್ನು ಸಂಜೆ ತೂಕದ ಹೊತ್ತಿಗೆ ನೋಡಬೇಕು. ಕುಯ್ದ ಹಣ್ಣಿನ ಚೀಲಗಳು ಸಾಲಾಗಿ ಬರುತ್ತವೆ. ರೈಟರ್ ಒಂದೊಂದೇ ತೂಗಿ ಬರೆದುಕೊಳ್ಳುತ್ತಾರೆ. ಕೂಲಿ ಕೆಜಿ ಲೆಕ್ಕ. ಸಾವ್ಕಾರ್ರು ಒಂದು ಚೀಲಕ್ಕೆ ಕೈಹಾಕಿ ಹಿಡಿ ತುಂಬ ತೆಗೆದು, ಬೆರಳಿನಲ್ಲಿ ಕೆಂಪು ಹಣ್ಣು ಸರಿಸಿ, ಹಸಿರು ಕಾಯಿ ಎಣಿಸಿದಂತೆ ನೋಡಿ, "ಕಾಯಿ ಜಾಸ್ತಿ ಇದೆಯಲ್ಲ" ಎಂದು ಮುಂದಿನ ಚೀಲಕ್ಕೆ ಹೋಗುತ್ತಾರೆ. ಅವರ ಮನಸ್ಸಿನಲ್ಲಿ ಇದು ಮೆದುವಾದ ಸೂಚನೆ. ನಾಳೆ ಹಣ್ಣು ಮಾತ್ರ ಕೀಳಿ ಎಂದು. ಹಳೆಯ ಕೆಲಸಗಾರರಿಗೆ ಹಾಗೇ ಕೇಳುತ್ತದೆ. ಹೊಸದಾಗಿ ಬಂದವರಿಗೆ ಕೂಲಿ ಕಡಿಮೆ ಮಾಡುವ ಬೆದರಿಕೆ ಎಂದು ಕೇಳುತ್ತದೆ. ಕನ್ನಡ ಗೊತ್ತಿಲ್ಲದವರಿಗೆ ದನಿ ಮಾತ್ರ ಕೇಳುತ್ತದೆ. ರಾತ್ರಿ ಲೈನ್ ಮನೆಯಲ್ಲಿ ಒಂದೇ ಮಾತಿಗೆ ಮೂರು ಅರ್ಥ ಚರ್ಚೆಯಾಗುತ್ತಿರುತ್ತದೆ.

ಕೆಳಗಿನಿಂದ ಮೇಲೆ ಹೋಗುವ ಮಾತು ಇನ್ನೂ ಸೂಕ್ಷ್ಮ. "ನಾಳೆ ಆ ಮೇಲಿನ ಬ್ಲಾಕ್ ಮುಗಿಸ್ತೀರಾ?" ಎಂದು ಕೇಳಿದರೆ "ನೋಡೋಣ ಸಾವ್ಕಾರ್ರೇ" ಎಂಬ ಉತ್ತರ ಬರುತ್ತದೆ. ಬಹಳ ಸಲ ಅದರ ಅರ್ಥ ಆಗಲ್ಲ ಎಂದು. ಆದರೆ ನೇರ "ಆಗಲ್ಲ" ಎನ್ನುವ ಸ್ಥಿತಿಯಲ್ಲಿ ಕೆಲಸಗಾರ ಇಲ್ಲ. ಮನೆ, ಕೂಲಿ, ಮುಂಗಡ ಎಲ್ಲ ಆ ಯಜಮಾನನ ಕೈಯಲ್ಲಿದೆ. ಮರುದಿನ ಬ್ಲಾಕ್ ಮುಗಿಯದಿದ್ದಾಗ "ಒಪ್ಪಿಕೊಂಡು ಕೈಕೊಟ್ಟರು" ಎನ್ನುವುದು ನ್ಯಾಯವಲ್ಲ. ಅವರು ಒಪ್ಪಿಕೊಂಡೇ ಇರಲಿಲ್ಲ.

ಮೇಲಿನವರಿಗೆ ಸುತ್ತಿ ಹೇಳುವುದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ವಿಮಾನ ಲೋಕದಲ್ಲಿ ಒಂದು ದುರಂತ ಇದೆ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾ ಸಂಸ್ಥೆಯ ವಿಮಾನ ಹೊರಡುವ ಮೊದಲು ಸಹಪೈಲಟ್ ರೆಕ್ಕೆಯ ಮೇಲಿನ ಮಂಜಿನ ಬಗ್ಗೆ ಕ್ಯಾಪ್ಟನ್ ಮುಂದೆ ಪದೇ ಪದೇ ಮಾತು ತೆಗೆದರು. ವಿಮಾನ ಓಡತೊಡಗಿದಾಗ ಯಂತ್ರದ ಅಂಕಿ ಸರಿಯಿಲ್ಲವೇನೋ ಎಂಬ ಅನುಮಾನ ಹೇಳಿದರು. ಕ್ಯಾಪ್ಟನ್ ಸರಿಯಿದೆ ಎಂದರು. ನಿಲ್ಲಿಸಿ ಎಂದು ಸಹಪೈಲಟ್ ಗಟ್ಟಿಯಾಗಿ ಹೇಳಲಿಲ್ಲ. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. 78 ಜನ ಸತ್ತರು. ಇಂಥ ದುರಂತಗಳಿಂದ ಪಾಠ ಕಲಿತ ವಿಮಾನ ಸಂಸ್ಥೆಗಳು ಕಿರಿಯರಿಗೆ ಗಟ್ಟಿಯಾಗಿ ಹೇಳುವುದನ್ನು ಕಲಿಸಿದವು. ಹಿರಿಯರಿಗೆ ಕೇಳುವುದನ್ನೂ ಕಲಿಸಿದವು. ನನಗೆ ಎರಡನೆಯದೇ ದೊಡ್ಡದು ಅನಿಸುತ್ತದೆ. ಹೇಳಿದವನಿಗೆ ಪೆಟ್ಟು ಬೀಳುವ ಜಾಗದಲ್ಲಿ ಧೈರ್ಯದ ಪಾಠ ಮಾಡಿ ಏನು ಪ್ರಯೋಜನ?

## ಒಂದೇ ಪದ, ಬೇರೆ ರಾಗ

ಸಂಶೋಧಕ ಜಾನ್ ಗಂಪರ್ಜ್ 1982ರಲ್ಲಿ ಬರೆದ ಒಂದು ಘಟನೆಯಲ್ಲಿ ಇರುವವರು ನಮ್ಮ ಉಪಖಂಡದವರೇ. ಬ್ರಿಟನ್‌ನ ಒಂದು ದೊಡ್ಡ ವಿಮಾನ ನಿಲ್ದಾಣದ ನೌಕರರ ಕ್ಯಾಂಟೀನಿಗೆ ಭಾರತ, ಪಾಕಿಸ್ತಾನದ ಹೆಂಗಸರು ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಅವರು ಒರಟು ಎಂದು ಊಟಕ್ಕೆ ಬರುವವರ ದೂರು. ಆ ಹೆಂಗಸರಿಗೋ, ತಮ್ಮನ್ನು ಸುಮ್ಮಸುಮ್ಮನೆ ಕಡೆಗಣಿಸುತ್ತಾರೆ ಎಂಬ ನೋವು.

ಮಾತನ್ನು ಧ್ವನಿಮುದ್ರಿಸಿ ಕೇಳಿದಾಗ ಕಾರಣ ಸಿಕ್ಕಿತು. ಮಾಂಸದ ಜೊತೆ ಗ್ರೇವಿ ಬೇಕೇ ಎಂದು ಕೇಳುವಾಗ ಬ್ರಿಟಿಷ್ ಹೆಂಗಸರು "ಗ್ರೇವಿ?" ಎಂದು ದನಿ ಏರಿಸುತ್ತಿದ್ದರು. ಇವರು ದನಿ ಇಳಿಸಿ "ಗ್ರೇವಿ" ಎನ್ನುತ್ತಿದ್ದರು. ಇವರ ರೂಢಿಯಲ್ಲಿ ಅದೂ ಪ್ರಶ್ನೆಯೇ. ಅಲ್ಲಿಯವರಿಗೆ ಮಾತ್ರ "ಇದು ಗ್ರೇವಿ, ಬೇಕಾದ್ರೆ ತಗೋ" ಎಂದು ಕೇಳುತ್ತಿತ್ತು. ಧ್ವನಿಮುದ್ರಣ ಕೇಳಿಸಿ ಎರಡೂ ಕಡೆಯವರ ಜೊತೆ ಮಾತಾಡಿದ ಮೇಲೆ ಹೆಂಗಸರಿಗೆ ತಮ್ಮ ಮೇಲಿನ ಸಿಡುಕು ಎಲ್ಲಿಂದ ಬಂತೆಂದು ಗೊತ್ತಾಯಿತು. ಮೇಲ್ವಿಚಾರಕರಿಗೂ ಅದು ಒರಟುತನ ಅಲ್ಲ ಎಂದು ತಿಳಿಯಿತು.

ಜಾರ್ಖಂಡ್‌ನಿಂದ ಬಂದ ಹುಡುಗ ಎರಡು ತಿಂಗಳಲ್ಲಿ ಕಲಿತ ಕನ್ನಡದಲ್ಲಿ "ದುಡ್ಡು ಕೊಡಿ" ಎಂದಾಗ ನಮಗೆ ಚುರುಕ್ ಅನ್ನುವುದು ಇದೇ ಕಾರಣಕ್ಕೆ. ಪದ ಕಲಿತಿದ್ದಾನೆ, "ಸ್ವಲ್ಪ ದುಡ್ಡು ಬೇಕಿತ್ತು" ಎಂದು ಎಳೆಯುವ ರಾಗ ಇನ್ನೂ ಬಂದಿಲ್ಲ.

## ಗಂಡ, ಹೆಂಡತಿ, ಬೆನ್ನು ನೋವು

"ಇವತ್ತು ಬೆನ್ನು ಸಿಕ್ಕಾಪಟ್ಟೆ ನೋವು" ಎನ್ನುತ್ತಾಳೆ ಹೆಂಡತಿ. "ನಾಳೆ ಮಡಿಕೇರಿಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡು ಬಾ" ಎನ್ನುತ್ತಾನೆ ಗಂಡ. ಅವಳ ಮುಖ ಸಪ್ಪೆಯಾಗುತ್ತದೆ. ಅವನಿಗೆ ಯಾಕೆಂದೇ ಗೊತ್ತಾಗುವುದಿಲ್ಲ. ಅವಳಿಗೆ ಬೇಕಿದ್ದದ್ದು "ಹೌದಾ, ಬೆಳಿಗ್ಗೆಯಿಂದ ನಿಂತೇ ಇದ್ದೀಯಲ್ಲ" ಎಂಬ ಒಂದು ಮಾತು. ಅವನು ಕೊಟ್ಟದ್ದು ಪರಿಹಾರ. ಅವನ ಪ್ರಕಾರ ಕಾಳಜಿ ಅಂದರೆ ಅದೇ.

ಇದನ್ನು ಗಂಡಸರ ಧಾಟಿ, ಹೆಂಗಸರ ಧಾಟಿ ಎಂದು ಟ್ಯಾನನ್ 1990ರ ಹೊತ್ತಿಗೆ ವಿವರಿಸಿದಾಗ ಅದು ತುಂಬಾ ಜನಪ್ರಿಯವಾಯಿತು. ಆಕ್ಷೇಪವೂ ಬಂತು. ಗಂಡಸರ ಕೈಯಲ್ಲಿ ಅಧಿಕಾರ ಇರುವುದನ್ನು ಇದು ಮರೆಸುತ್ತದೆ ಎಂದರು ಇತರ ಭಾಷಾತಜ್ಞರು. ಈ ಆಕ್ಷೇಪ ಸರಿಯೆಂದೇ ನನ್ನ ಅಭಿಪ್ರಾಯ. ಬೈಯುವುದು, ಹೆದರಿಸುವುದು ಧಾಟಿಯ ಲೆಕ್ಕಕ್ಕೆ ಬರುವುದಿಲ್ಲ. "ನನ್ನ ಮಾತಿನ ರೀತಿಯೇ ಹೀಗೆ" ಎಂದು ಅದನ್ನು ಮುಚ್ಚಿಡಲು ಬಿಡಬಾರದು. ಪರಿಹಾರ ಹೇಳುವ ಹೆಂಗಸರೂ, ಸುಮ್ಮನೆ ಕೇಳುವ ಗಂಡಸರೂ ಬೇಕಾದಷ್ಟು ಇದ್ದಾರೆ.

ಧಾಟಿ ಬೇರೆ ಇದ್ದ ಮಾತ್ರಕ್ಕೆ ಸಂಬಂಧ ಕೆಡುವುದಿಲ್ಲ. ಕೆಡಿಸುವುದು ಆಮೇಲೆ ನಡೆಯುವ ಏರಾಟ. ಬೇಟ್ಸನ್ ನ್ಯೂಗಿನಿಯಲ್ಲಿ ಅಧ್ಯಯನ ಮಾಡುವಾಗ ಕಂಡು, 1935ರಲ್ಲೇ ಬರೆದ ವಿಷಯ ಇದು. ಒಬ್ಬರ ನಡತೆಗೆ ಇನ್ನೊಬ್ಬರು ತೋರುವ ಪ್ರತಿಕ್ರಿಯೆಯೇ ಮೊದಲನೆಯವರನ್ನು ಇನ್ನಷ್ಟು ಅದೇ ದಾರಿಗೆ ತಳ್ಳುತ್ತದೆ. ಉತ್ತರ ಬರಲಿಲ್ಲ ಎಂದು ಹೆಂಡತಿ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳುತ್ತಾಳೆ. ದನಿ ಏರಿತು ಎಂದು ಗಂಡ ಇನ್ನೂ ಮೌನವಾಗುತ್ತಾನೆ. ಮೌನ ಕಂಡು ಅವಳ ದನಿ ಮತ್ತೂ ಏರುತ್ತದೆ. ಅವನು ಎದ್ದು ತೋಟಕ್ಕೆ ಹೋಗಿಬಿಡುತ್ತಾನೆ. ಮದುವೆಯಾದಾಗ ಅವಳು ಇಷ್ಟು ಜೋರು ಇರಲಿಲ್ಲ, ಅವನೂ ಇಷ್ಟು ಮೂಕ ಆಗಿರಲಿಲ್ಲ.

## ಹಾಗಾದರೆ ಏನು ಮಾಡಬಹುದು?

ಧಾಟಿಯನ್ನು ಪೂರ್ತಿ ಬದಲಿಸುವುದು ಆಗದ ಮಾತು. ಅದರ ಅಗತ್ಯವೂ ಇಲ್ಲ. ಇಂಥದ್ದೊಂದು ಇದೆ ಎಂದು ಗೊತ್ತಾದರೇ ಅರ್ಧ ಸಿಟ್ಟು ಇಳಿಯುತ್ತದೆ. ಕಾಯುವವರ ಜೊತೆ ಮಾತಾಡುವಾಗ ಮನಸ್ಸಿನಲ್ಲೇ ಮೂರು ಎಣಿಸಿ ಬಾಯಿ ತೆರೆಯಿರಿ. ಆ ಮೂರು ಎಣಿಕೆಯಲ್ಲಿ ಅವರು ಶುರುಮಾಡಿರುತ್ತಾರೆ. ನುಗ್ಗಿ ಮಾತಾಡುವವರ ಜೊತೆ ಇದ್ದರೆ ಪೂರ್ತಿ ಬಿಡುವಿಗೆ ಕಾಯಬೇಡಿ. "ಒಂದು ನಿಮಿಷ, ನಾನು ಹೇಳ್ತೀನಿ" ಎಂದು ಕೈ ಎತ್ತಿದರೆ ಅಂಥವರಿಗೆ ಬೇಜಾರಾಗುವುದು ಕಡಿಮೆ.

ಸೂಚನೆ ಕೆಲಸ ಮಾಡದಿದ್ದರೆ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುವುದರಿಂದ ಉಪಯೋಗವಿಲ್ಲ. ಏರಾಟ ಶುರುವಾಗುವುದೇ ಅಲ್ಲಿ. ರೀತಿ ಬದಲಿಸಬೇಕು. "ಮೋಡ ಕಟ್ತಾ ಇದೆ, ಐದು ನಿಮಿಷ ಬಾ ಮಗಾ, ಟಾರ್ಪಾಲ್ ಹಾಕೋಣ" ಎಂದರೆ ಅಮ್ಮನ ಮರ್ಯಾದೆಗೂ ಕುಂದಿಲ್ಲ. ಮಗನೂ "ಮೋಡ" ಎಂದ ತಕ್ಷಣ "ಬರ್ಲಾ ಅಮ್ಮಾ?" ಎಂದು ಕೇಳುವ ರೂಢಿ ಮಾಡಿಕೊಳ್ಳಬಹುದು. ಜಗಳದ ಬಿಸಿಯಲ್ಲಿ ಇದನ್ನು ಮಾತಾಡಬೇಡಿ. ಸಂಜೆ ಕಾಫಿ ಕುಡಿಯುವಾಗ "ನೀವು ಹಾಗಂದ್ರೆ ನನಗೆ ಹೀಗೆ ಕೇಳ್ಸುತ್ತೆ" ಎಂದು ಹೇಳಿ. "ನಿಮ್ಮ ಮಾತೇ ಸರಿಯಿಲ್ಲ" ಎಂದು ಶುರುಮಾಡಿದರೆ ಮುಂದಿನದ್ದು ಯಾರಿಗೂ ಕೇಳಿಸುವುದಿಲ್ಲ.

ಕೆಲಸ ಮಾಡಿಸುವವರಿಗೆ ಇನ್ನೊಂದು ಮಾತು. "ಅರ್ಥ ಆಯ್ತಾ?" ಎಂದು ಕೇಳಿದರೆ "ಆಯ್ತು" ಎಂದೇ ಉತ್ತರ ಬರುತ್ತದೆ. ಒಪ್ಪುವ ಉತ್ತರ ಬಾಯಿಗೆ ಬೇಗ ಬರುತ್ತದೆ ಎಂದು ಮೇಲೆ ನೋಡಿದೆವಲ್ಲ, ಅದರ ಮೇಲೆ ಕೂಲಿಯ ಭಯವೂ ಸೇರಿದರೆ ಬೇರೆ ಉತ್ತರ ಬರುವುದೇ ಇಲ್ಲ. ಅದರ ಬದಲು "ನಾಳೆ ಯಾವ ಕಡೆಯಿಂದ ಶುರು ಮಾಡ್ತೀರಿ? ಎಷ್ಟು ಜನ ಬೇಕಾಗಬಹುದು?" ಎಂದು ಕೇಳಿ. ಮೇಸ್ತ್ರಿಯ ಬಾಯಲ್ಲೇ ಕೇಳಿಸಿದರೂ ಸರಿ. ಮೇಲಿನ ಬ್ಲಾಕ್ ಒಂದು ದಿನದಲ್ಲಿ ಮುಗಿಯುತ್ತದೋ ಇಲ್ಲವೋ ಎಂಬುದು ಅವರ ಲೆಕ್ಕದಲ್ಲೇ ಹೊರಬರುತ್ತದೆ. ಯಾರೂ ಯಾರ ಮುಖಕ್ಕೂ "ಆಗಲ್ಲ" ಎನ್ನಬೇಕಾಗುವುದಿಲ್ಲ.